ಮಗ್ಗುಲು ಬದಲಿಸಿದ ಹಾಡುಗಳು

ಜನಪ್ರಿಯ ಸಂಗೀತದ ಇತಿಹಾಸ ಬರೆಯುವವರು ಗೆದ್ದ ಹಾಡುಗಳನ್ನು ಸಾಲಾಗಿ ಜೋಡಿಸುತ್ತಾ ಹೋಗುವುದು ವಾಡಿಕೆ. ಆದರೆ ಆ ಸಾಲಿನಲ್ಲಿ ಇಂದು ತಲೆಯೆತ್ತಿ ನಿಂತಿರುವ ಎಷ್ಟೋ ಹಾಡುಗಳು ಮೊದಲ ಸಲ ಹೊರಬಂದಾಗ ಹೆಚ್ಚು ಜನರ ಕಿವಿಗೆ ಬೀಳದೆ ಮೂಲೆ ಸೇರಿದ್ದವು. ಕೆಲವನ್ನು ಧ್ವನಿಮುದ್ರಣ ಕಂಪನಿಗಳೇ ಬೇಡವೆಂದು ತಳ್ಳಿದ್ದವು, ಕೆಲವು ಇನ್ನೊಂದು ಹಾಡಿನ ಬೆನ್ನಿಗೆ ಜಾಗ ತುಂಬಲೆಂದಷ್ಟೇ ಅಚ್ಚಾಗಿದ್ದವು. ಇಂಥ ಹಾಡು ಮುಂದೊಂದು ದಿನ ಲೋಕದ ಬಾಯಲ್ಲಿ ನಲಿದಾಗ ಅದನ್ನು ಅದೃಷ್ಟವೆಂದು ಕರೆದು ಮಾತು ಮುಗಿಸುವುದು ಸುಲಭ. ಒಂದೊಂದು ಹಾಡಿನ ಹಾದಿಯನ್ನೂ ಹೆಜ್ಜೆಹೆಜ್ಜೆಯಾಗಿ ಹಿಂಬಾಲಿಸಿದಾಗ ಮಾತ್ರ ಬೇರೊಂದು ಸಂಗತಿ ಕಣ್ಣಿಗೆ ಬೀಳುತ್ತದೆ: ಅಲಕ್ಷ್ಯಕ್ಕೆ ಒಳಗಾದ ಹಾಡು ತಾನಾಗಿಯೇ ಮೇಲೆದ್ದು ಬರುವುದು ಬಲು ಅಪರೂಪ, ಅದನ್ನು ಕಾಪಿಟ್ಟವರು, ಕೈಯಿಂದ ಕೈಗೆ ದಾಟಿಸಿದವರು ಯಾರಾದರೂ ಅದರ ಹಿಂದೆ ಇದ್ದೇ ಇರುತ್ತಾರೆ. ರೂಢಿಯ ದಾರಿ ಬಿಟ್ಟು ನಡೆಯುವ ಸೃಷ್ಟಿಶೀಲರಿಗೆ ಪ್ರೋತ್ಸಾಹ ಎಂದರೇನು ಎಂಬ ಪ್ರಶ್ನೆಗೆ ಉತ್ತರ ಸಿಗುವುದು ಈ ಕಾಪಿಡುವ, ದಾಟಿಸುವ ಕೆಲಸದಲ್ಲಿ.

ತಟ್ಟೆಗೆ ಎರಡು ಮೈ

ಕನ್ನಡಿಗರು ಬಳಕೆಮಾತಿನಲ್ಲಿ ‘ಪ್ಲೇಟು’ ಎಂದು ಕರೆಯುತ್ತಿದ್ದ ಗ್ರಾಮಾಫೋನ್ ತಟ್ಟೆಯ ರಚನೆಯಲ್ಲಿಯೇ ಮುನ್ನೆಲೆ, ಹಿನ್ನೆಲೆಗಳ ಭೇದ ಅಡಗಿತ್ತು. ಅರಗು ಬೆರೆಸಿ ತಯಾರಿಸುತ್ತಿದ್ದ, ನಿಮಿಷಕ್ಕೆ 78 ಸುತ್ತು ತಿರುಗುವ ಹತ್ತು ಅಂಗುಲದ ತಟ್ಟೆಯ ಒಂದು ಬದಿಯಲ್ಲಿ ಸುಮಾರು ಮೂರು ನಿಮಿಷದ ಸಂಗೀತ ಮಾತ್ರ ಹಿಡಿಯುತ್ತಿತ್ತು. 1949ರಲ್ಲಿ ಅಮೆರಿಕದ ಆರ್‌ಸಿಎ ವಿಕ್ಟರ್ ಕಂಪನಿ 45 ಸುತ್ತಿನ, ಏಳು ಅಂಗುಲದ ಹಗುರವಾದ ತಟ್ಟೆಯನ್ನು ಮಾರುಕಟ್ಟೆಗೆ ತಂದ ಮೇಲೆ ಬದಿಗೊಂದರಂತೆ ಎರಡು ಹಾಡುಗಳಿರುವ ‘ಸಿಂಗಲ್’ ಎಂಬ ಮಾರಾಟದ ಪದ್ಧತಿ ಗಟ್ಟಿಯಾಗಿ ಬೇರೂರಿತು. ಕಂಪನಿ ಗೆಲ್ಲಿಸಬೇಕೆಂದು ಬಯಸಿದ, ರೇಡಿಯೋ ನಿಲಯಗಳಿಗೆ ಶಿಫಾರಸು ಮಾಡಿದ ಹಾಡು ‘ಎ ಬದಿ’ಯಲ್ಲಿರುತ್ತಿತ್ತು; ತಟ್ಟೆಯ ಇನ್ನೊಂದು ಮೈ ಖಾಲಿ ಉಳಿಯಬಾರದೆಂದು ಸೇರಿಸಿದ ಹಾಡು ‘ಬಿ ಬದಿ’ಯಲ್ಲಿರುತ್ತಿತ್ತು.

ಈ ವ್ಯವಸ್ಥೆಯ ಎರಡು ಪರಿಣಾಮಗಳನ್ನು ಗಮನಿಸಬೇಕು. ಮೊದಲನೆಯದು ಹಣದ್ದು. ತಟ್ಟೆಯೊಂದು ಮಾರಾಟವಾದಾಗ ಎರಡೂ ಬದಿಗಳು ಒಟ್ಟಿಗೇ ಮಾರಾಟವಾಗುತ್ತಿದ್ದುದರಿಂದ, ಹಾಡು ಕಟ್ಟಿದವರಿಗೆ ಪ್ರತಿಯೊಂದರ ಮೇಲೆ ಸಲ್ಲುವ ರಾಯಲ್ಟಿ ಬಿ ಬದಿಯವರಿಗೂ ಎ ಬದಿಯವರಿಗೂ ಸಮನಾಗಿ ಸಲ್ಲುತ್ತಿತ್ತು. 1975ರಲ್ಲಿ ಕ್ವೀನ್ ತಂಡದ ಫ್ರೆಡ್ಡಿ ಮರ್ಕ್ಯುರಿ ಬರೆದ ‘ಬೊಹೀಮಿಯನ್ ರ‍್ಯಾಪ್ಸಡಿ’ಯ ಬೆನ್ನಿಗೆ ಅದೇ ತಂಡದ ಡ್ರಮ್ ವಾದಕ ರೋಜರ್ ಟೇಲರ್ ಅವರ ರಚನೆ ಅಚ್ಚಾದಾಗ, ಮುಂಬದಿಯ ಹಾಡಿನ ಅಪಾರ ಮಾರಾಟದ ಪಾಲು ಹಿಂಬದಿಗೂ ಸಂದಿತು. ಎರಡನೆಯ ಪರಿಣಾಮ ಸ್ವಾತಂತ್ರ್ಯದ್ದು. ಬಿ ಬದಿಯಿಂದ ಯಾರೂ ಹೆಚ್ಚಿನದನ್ನು ನಿರೀಕ್ಷಿಸದ ಕಾರಣ ಅದರ ಮೇಲೆ ಮಾರಾಟ ವಿಭಾಗದ ಕಣ್ಗಾವಲು ಸಡಿಲವಾಗಿರುತ್ತಿತ್ತು. ಮುಂಬದಿಯಲ್ಲಿ ಒಪ್ಪಿಗೆ ದೊರೆಯದ ಪ್ರಯೋಗಗಳಿಗೆ ಹಿಂಬದಿಯಲ್ಲಿ ಜಾಗ ಸಿಗುತ್ತಿತ್ತು. ಅಲಕ್ಷ್ಯವೇ ಹೀಗೆ ಕೆಲವೊಮ್ಮೆ ಹೊಸತನಕ್ಕೆ ಮರೆಯಾಗಿ ನಿಂತು ಗಾಳಿಮಳೆ ತಾಗದಂತೆ ಕಾದಿದೆ.

ಉಳಿದ ಸಮಯದಲ್ಲಿ ಹುಟ್ಟಿದ ಹಾಡು

ರಾಕ್ ಅಂಡ್ ರೋಲ್ ಎಂಬ ಸಂಗೀತ ಪ್ರಕಾರವನ್ನು ಜಗತ್ತಿನ ಮನೆಮಾತಾಗಿಸಿದ ‘ರಾಕ್ ಅರೌಂಡ್ ದ ಕ್ಲಾಕ್’ ಅಂಥದೊಂದು ಬಿ ಬದಿಯ ಹಾಡು. 1954ರ ಏಪ್ರಿಲ್ 12ರಂದು ನ್ಯೂಯಾರ್ಕ್ ನಗರದ ಪಿಥಿಯನ್ ಟೆಂಪಲ್ ಎಂಬ ಕಟ್ಟಡದಲ್ಲಿದ್ದ ಡೆಕ್ಕಾ ಕಂಪನಿಯ ಧ್ವನಿಮುದ್ರಣ ಸಭಾಂಗಣಕ್ಕೆ ಬಿಲ್ ಹೇಲಿ ಮತ್ತು ಅವರ ಕಾಮೆಟ್ಸ್ ತಂಡ ಬಂದಿತ್ತು. ದಾರಿಯಲ್ಲಿ ಡೆಲವೇರ್ ನದಿಯ ಮರಳುದಿಬ್ಬಕ್ಕೆ ದೋಣಿ ಸಿಕ್ಕಿಹಾಕಿಕೊಂಡು ತಂಡ ತಡವಾಗಿ ತಲುಪಿತ್ತು; ಅಂದಿನ ಮುಖ್ಯ ಹಾಡು, ಹೈಡ್ರೋಜನ್ ಬಾಂಬ್ ಸಿಡಿದ ಬಳಿಕ ಒಬ್ಬ ಗಂಡಸು ಮತ್ತು ಹದಿಮೂರು ಹೆಂಗಸರು ಮಾತ್ರ ಉಳಿಯುವ ಕಲ್ಪನೆಯ ‘ಥರ್ಟೀನ್ ವಿಮೆನ್’, ನಿಗದಿಯಾಗಿದ್ದ ಅವಧಿಯ ಬಹುಪಾಲನ್ನು ನುಂಗಿತು. ಕೊನೆಗೆ ಉಳಿದ ಅಷ್ಟಿಷ್ಟು ಸಮಯದಲ್ಲಿ, ಎರಡೇ ಎರಡು ಸುತ್ತು ಹಾಡಿ, ‘ರಾಕ್ ಅರೌಂಡ್ ದ ಕ್ಲಾಕ್’ ಮುಗಿಸಲಾಯಿತು. ಆ ದಿನಕ್ಕೆಂದು ಕರೆಸಿಕೊಂಡಿದ್ದ ಗಿಟಾರ್ ವಾದಕ ಡ್ಯಾನಿ ಸೆಡ್ರೋನ್, ಎರಡು ವರ್ಷ ಹಿಂದೆ ಇದೇ ಹೇಲಿಯವರ ಇನ್ನೊಂದು ಹಾಡಿಗೆ ತಾವು ನುಡಿಸಿದ್ದ ಮಿಂಚಿನ ವೇಗದ ಸ್ವರಗುಚ್ಛವನ್ನೇ ಇಲ್ಲಿಯೂ ನುಡಿಸಿದರು.

ಮೇ ತಿಂಗಳಲ್ಲಿ ತಟ್ಟೆ ಹೊರಬಂದಾಗ ಸಾಧಾರಣ ಮಾರಾಟ ಕಂಡು ಹಿಂದೆ ಸರಿಯಿತು. ಅದನ್ನು ಕೊಂಡವರ ಮನೆಗಳಲ್ಲಿ ಹಾಲಿವುಡ್ ನಟ ಗ್ಲೆನ್ ಫೋರ್ಡ್ ಅವರ ಮನೆಯೂ ಒಂದಾಗಿತ್ತು. ಅವರ ಸುಮಾರು ಹತ್ತು ವರ್ಷದ ಮಗ ಪೀಟರ್‌ಗೆ ತಟ್ಟೆಗಳನ್ನು ಸಂಗ್ರಹಿಸುವ ಹುಚ್ಚಿತ್ತು. ಫೋರ್ಡ್ ಶಿಕ್ಷಕನ ಪಾತ್ರ ವಹಿಸಿದ್ದ ‘ಬ್ಲ್ಯಾಕ್‌ಬೋರ್ಡ್ ಜಂಗಲ್’ ಚಿತ್ರಕ್ಕೆ ಹರೆಯದವರ ಕಾಲದ ಸಂಗೀತ ಹುಡುಕುತ್ತಿದ್ದ ನಿರ್ದೇಶಕ ರಿಚರ್ಡ್ ಬ್ರೂಕ್ಸ್, ಈ ಹುಡುಗನ ಸಂಗ್ರಹದಿಂದ ತಟ್ಟೆಗಳನ್ನು ಎರವಲು ಪಡೆದರೆಂದು ಪೀಟರ್ ಫೋರ್ಡ್ ಮುಂದೆ ಹೇಳಿಕೊಂಡಿದ್ದಾರೆ. 1955ರಲ್ಲಿ ತೆರೆಕಂಡ ಚಿತ್ರದ ಆರಂಭದಲ್ಲೇ ಈ ಹಾಡು ಮೊಳಗಿತು. ಜುಲೈ ತಿಂಗಳಲ್ಲಿ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನಕ್ಕೇರಿ ಎಂಟು ವಾರ ಅಲ್ಲಿಯೇ ನಿಂತಿತು. ಕಂಪನಿ ಹಿಂದಕ್ಕೆ ತಳ್ಳಿದ್ದನ್ನು ಒಬ್ಬ ಹುಡುಗನ ಕಪಾಟು ಕಾಪಿಟ್ಟಿತ್ತು.

1978ರಲ್ಲಿ ಗ್ಲೋರಿಯಾ ಗೇನರ್ ಹಾಡಿದ ‘ಐ ವಿಲ್ ಸರ್ವೈವ್’ನ ಹಾದಿ ಇನ್ನೂ ಸ್ಪಷ್ಟವಾಗಿದೆ. ವೇದಿಕೆಯ ಮೇಲೆ ಬಿದ್ದು ಬೆನ್ನುಮೂಳೆಗೆ ಪೆಟ್ಟಾಗಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದ ಗೇನರ್, ಬೆನ್ನಿಗೆ ಆಧಾರಪಟ್ಟಿ ಬಿಗಿದುಕೊಂಡೇ ಹಾಡಲು ನಿಂತಿದ್ದರು. ಕಂಪನಿಗೆ ಬೇಕಾಗಿದ್ದುದು ‘ಸಬ್‌ಸ್ಟಿಟ್ಯೂಟ್’ ಎಂಬ ಬೇರೆ ಹಾಡು. ಅದರ ಹಿಂಬದಿಗೆ ತಮ್ಮ ರಚನೆಯನ್ನು ಬಳಸಲು ಫ್ರೆಡ್ಡಿ ಪೆರನ್ ಮತ್ತು ಡಿನೊ ಫೆಕಾರಿಸ್ ಅವಕಾಶ ಕೇಳಿಕೊಂಡಿದ್ದರು. ಇವರಲ್ಲಿ ಫೆಕಾರಿಸ್, ಸಂಗೀತ ಕಂಪನಿಯೊಂದರ ಕೆಲಸ ಕಳೆದುಕೊಂಡ ದಿನಗಳ ಸಂಕಟದಿಂದ ಈ ಹಾಡಿನ ಭಾವವನ್ನು ಹೆಕ್ಕಿಕೊಂಡವರು. ಹಿಂಬದಿಯ ಹಾಡೆಂದು ಸಹಗಾಯಕರ ಮೇಳವನ್ನೂ ಸೇರಿಸಲಿಲ್ಲ. ಆ ಬರಿದುತನವೇ ಒಂಟಿ ಹೆಣ್ಣಿನ ದನಿಗೆ ಬೇಕಾದ ಬಲವಾಗಿ ಪರಿಣಮಿಸಿತು. ಗೇನರ್ ಸುಮ್ಮನೆ ಕಾದು ಕೂರದೆ ತಟ್ಟೆಯನ್ನು ನ್ಯೂಯಾರ್ಕಿನ ‘ಸ್ಟುಡಿಯೋ 54’ ನೃತ್ಯಶಾಲೆಯ ಡಿಜೆ, ಅಂದರೆ ಕುಣಿಯುವವರಿಗಾಗಿ ತಟ್ಟೆ ಆಯ್ದು ನುಡಿಸುವ ರಿಚಿ ಕಾಜರ್ ಅವರ ಕೈಗಿತ್ತರು. ಅವರು ಹಿಂಬದಿಯನ್ನೇ ಮತ್ತೆ ಮತ್ತೆ ಹಾಕಿದರು. ಜನ ಕೇಳಿದ್ದನ್ನು ಕಂಡು ರೇಡಿಯೋ ಮಣಿಯಿತು, ರೇಡಿಯೋ ಮಣಿದದ್ದನ್ನು ಕಂಡು ಕಂಪನಿ ಬದಿಗಳನ್ನು ಅದಲುಬದಲು ಮಾಡಿತು. 1979ರ ಮಾರ್ಚಿನಲ್ಲಿ ಹಾಡು ಅಮೆರಿಕದ ಮೊದಲ ಸ್ಥಾನಕ್ಕೇರಿತು.

ಬೇರೆಯವರ ಕಿವಿ, ಬೇರೆಯವರ ಕೊರಳು

ತಟ್ಟೆಯ ಹಿಂಬದಿಯಲ್ಲಿರದೆಯೂ ಹಾಡು ಕಡೆಗಣಿಸಲ್ಪಡಬಹುದು. ಪಾಲ್ ಸೈಮನ್ ಮತ್ತು ಆರ್ಟ್ ಗಾರ್ಫಂಕೆಲ್ ಜೋಡಿ 1964ರ ಮಾರ್ಚಿನಲ್ಲಿ ಬರಿಯ ಗಿಟಾರಿನ ಜೊತೆ ಹಾಡಿ ಮುದ್ರಿಸಿದ ‘ದ ಸೌಂಡ್ ಆಫ್ ಸೈಲೆನ್ಸ್’ ಅವರ ಮೊದಲ ಆಲ್ಬಂನೊಂದಿಗೇ ಸೋತಿತು. ಜೋಡಿ ಒಡೆಯಿತು, ಸೈಮನ್ ಇಂಗ್ಲೆಂಡಿಗೆ ಹೊರಟುಹೋದರು. ಆದರೆ ಬಾಸ್ಟನ್ ನಗರದ ರೇಡಿಯೋ ನಿಲಯವೊಂದರ ತಡರಾತ್ರಿಯ ಕಾರ್ಯಕ್ರಮದಲ್ಲಿ ಹಾಡು ಕೇಳಿಸತೊಡಗಿ, ಕಾಲೇಜು ವಿದ್ಯಾರ್ಥಿಗಳು ಅದನ್ನೇ ಮತ್ತೆ ಕೇಳಲು ಬಯಸಿದರು. ಈ ಸಣ್ಣ ಸದ್ದನ್ನು ಗಮನಿಸಿದವರು ಕೊಲಂಬಿಯ ಕಂಪನಿಯ ಧ್ವನಿಮುದ್ರಣ ನಿರ್ಮಾಪಕ ಟಾಮ್ ವಿಲ್ಸನ್. 1965ರ ಜೂನ್ 15ರಂದು ಅವರು ಹಳೆಯ ಮುದ್ರಿಕೆಯ ಮೇಲೆಯೇ ವಿದ್ಯುತ್ ಗಿಟಾರ್, ಬಾಸ್ ಮತ್ತು ಡ್ರಮ್‌ಗಳನ್ನು ‘ಓವರ್‌ಡಬ್’ ಮಾಡಿಸಿದರು. ಮೊದಲೇ ಮುದ್ರಿತವಾದ ಧ್ವನಿಯನ್ನು ಕೇಳಿಸುತ್ತಾ ಅದರ ಜೊತೆಗೆ ಹೊಸ ವಾದ್ಯಗಳನ್ನು ಸೇರಿಸಿ ಮುದ್ರಿಸುವ ವಿಧಾನಕ್ಕೆ ಆ ಹೆಸರು. 1966ರ ಹೊಸವರ್ಷದ ವಾರ ಹಾಡು ಅಮೆರಿಕದಲ್ಲಿ ಮೊದಲ ಸ್ಥಾನದಲ್ಲಿತ್ತು. ಈ ಬದಲಾವಣೆಗೆ ಹಾಡಿದವರ ಒಪ್ಪಿಗೆಯನ್ನು ವಿಲ್ಸನ್ ಕೇಳಿರಲಿಲ್ಲ ಎಂಬುದನ್ನೂ ಇಲ್ಲಿ ಹೇಳಲೇಬೇಕು: ಹಾಡನ್ನು ಉಳಿಸುವ ಉತ್ಸಾಹದಲ್ಲಿ ಹಾಡಿದವರನ್ನು ಮರೆಯುವ ಅಪಾಯ ಪ್ರೋತ್ಸಾಹದ ಬೆನ್ನಿಗೇ ಇರುತ್ತದೆ.

ಕೆನಡಾದ ಕವಿ, ಗಾಯಕ ಲೆನಾರ್ಡ್ ಕೊಹೆನ್ ಅವರ ‘ಹಲ್ಲೆಲೂಯ’ ಇನ್ನೂ ದೀರ್ಘವಾದ ವನವಾಸ ಅನುಭವಿಸಿದ ಹಾಡು. ವರ್ಷಗಳ ಕಾಲ ಚರಣದ ಮೇಲೆ ಚರಣ ಬರೆದು, ಹೊಡೆದುಹಾಕಿ, ತಿದ್ದಿದ ಬಳಿಕ 1984ರಲ್ಲಿ ಕೊಹೆನ್ ಅದನ್ನು ‘ವೇರಿಯಸ್ ಪೊಸಿಷನ್ಸ್’ ಆಲ್ಬಂಗಾಗಿ ಹಾಡಿದಾಗ ಅವರಿಗೆ ಐವತ್ತರ ಆಸುಪಾಸು. ಅವರ ಕಂಪನಿ ಆ ಆಲ್ಬಂ ಅನ್ನು ಅಮೆರಿಕದಲ್ಲಿ ಬಿಡುಗಡೆ ಮಾಡಲು ನಿರಾಕರಿಸಿತು. ಸಣ್ಣ ಸಂಸ್ಥೆಯೊಂದರ ಮೂಲಕ ಹೊರಬಂದ ಅದನ್ನು ಗಮನಿಸಿದವರು ಕಡಿಮೆ. ಆ ಕೆಲವರಲ್ಲಿ ಬಾಬ್ ಡಿಲನ್ ಒಬ್ಬರು, 1988ರ ತಮ್ಮ ಕಛೇರಿಗಳಲ್ಲಿ ಅದನ್ನು ಹಾಡಿದರು. 1991ರಲ್ಲಿ ಕೊಹೆನ್ ಗೌರವಾರ್ಥವಾಗಿ ಸಿದ್ಧವಾದ ಆಲ್ಬಂಗೆ ಈ ಹಾಡನ್ನು ಆರಿಸಿಕೊಂಡ ವೇಲ್ಸ್‌ನ ಸಂಗೀತಗಾರ ಜಾನ್ ಕೇಲ್, ಪೂರ್ಣ ಸಾಹಿತ್ಯ ಕಳಿಸುವಂತೆ ಕವಿಯನ್ನು ಕೇಳಿದಾಗ ಫ್ಯಾಕ್ಸ್ ಯಂತ್ರದಿಂದ ಹಾಳೆಯ ಮೇಲೆ ಹಾಳೆ, ಸುಮಾರು ಹದಿನೈದು ಪುಟ, ಹೊರಬಂದವು. ಕೇಲ್ ಅವುಗಳಿಂದ ತಮಗೆ ಒಪ್ಪಿದ ಚರಣಗಳನ್ನು ಆಯ್ದು, ಮೂಲದ ಸಿಂಥಸೈಜರ್ ಹಾಗೂ ಮೇಳಗಾಯನದ ಭಾರವನ್ನು ಇಳಿಸಿ, ಪಿಯಾನೊ ಮತ್ತು ಕಂಠವನ್ನು ಮಾತ್ರ ಉಳಿಸಿಕೊಂಡರು. ಆ ರೂಪವನ್ನು ಕೇಳಿದ ತರುಣ ಗಾಯಕ ಜೆಫ್ ಬಕ್ಲಿ 1994ರ ತಮ್ಮ ‘ಗ್ರೇಸ್’ ಆಲ್ಬಂನಲ್ಲಿ ಅದನ್ನು ವಿದ್ಯುತ್ ಗಿಟಾರಿನ ಜೊತೆ ಮರುಸೃಷ್ಟಿಸಿದರು. 2001ರಲ್ಲಿ ‘ಶ್ರೆಕ್’ ಎಂಬ ಮಕ್ಕಳ ಚಿತ್ರ ಕೇಲ್ ದನಿಯ ಹಾಡನ್ನು ಮನೆಮನೆಗೆ ಒಯ್ದಿತು. 2008ರ ಕ್ರಿಸ್‌ಮಸ್ ವಾರ ಬ್ರಿಟನ್ನಿನ ಪಟ್ಟಿಯಲ್ಲಿ ಅಲೆಕ್ಸಾಂಡ್ರಾ ಬರ್ಕ್ ಹಾಡಿದ ‘ಹಲ್ಲೆಲೂಯ’ ಮೊದಲನೆಯದಾಗಿ, ಬಕ್ಲಿಯವರದು ಎರಡನೆಯದಾಗಿ ನಿಂತವು. ಕೊಹೆನ್ ಅವರ ಸ್ವಂತ ದನಿಯ ಮೂಲರೂಪವೂ ಅದೇ ಪಟ್ಟಿಯಲ್ಲಿ 36ನೆಯ ಸ್ಥಾನ ಪಡೆಯಿತು. ಒಂದು ಕಂಪನಿ ಒಲ್ಲೆನೆಂದ ಹಾಡನ್ನು ಹಾಡುಗಾರರೇ ಕೊರಳಿನಿಂದ ಕೊರಳಿಗೆ ದಾಟಿಸಿದ ಇಪ್ಪತ್ನಾಲ್ಕು ವರ್ಷಗಳ ದಾರಿ ಇದು.

ಗೀರಿದ ತಟ್ಟೆ

ಡೆಟ್ರಾಯ್ಟ್ ನಗರದ ಸಿಕ್ಸ್ಟೋ ರೊಡ್ರಿಗೆಜ್ ಅವರ ವೃತ್ತಾಂತದಲ್ಲಿ ಅಲಕ್ಷ್ಯ ಮತ್ತು ಪ್ರೀತಿ ಎರಡೂ ಏಕಕಾಲದಲ್ಲಿ, ಎರಡು ಖಂಡಗಳಲ್ಲಿ ನಡೆದವು. ನಗರದ ಬಡವರ ಬದುಕನ್ನು ಹಾಡಿದ ಅವರ ‘ಕೋಲ್ಡ್ ಫ್ಯಾಕ್ಟ್’ 1970ರಲ್ಲಿ, ಎರಡನೆಯ ಆಲ್ಬಂ 1971ರಲ್ಲಿ ಬಂದು ಅಮೆರಿಕದಲ್ಲಿ ಎರಡೂ ನೆಲಕಚ್ಚಿದವು; ಕಂಪನಿ ಅವರನ್ನು ಕೈಬಿಟ್ಟಿತು. ರೊಡ್ರಿಗೆಜ್ ಹಳೆಯ ಕಟ್ಟಡಗಳನ್ನು ಕೆಡಹುವ, ಮನೆಗಳನ್ನು ದುರಸ್ತಿ ಮಾಡುವ ಕೂಲಿ ಕೆಲಸ ಹಿಡಿದು ಮಕ್ಕಳನ್ನು ಸಾಕಿದರು. ಅದೇ ಹೊತ್ತಿನಲ್ಲಿ, ವರ್ಣಭೇದ ನೀತಿಯ ಬಿಗಿಮುಷ್ಟಿಯಲ್ಲಿದ್ದ ದಕ್ಷಿಣ ಆಫ್ರಿಕದ ತರುಣರು ಆ ಹಾಡುಗಳನ್ನು ತಮ್ಮ ಅಸಮಾಧಾನದ ದನಿಯೆಂದು ಎದೆಗೆ ಹಚ್ಚಿಕೊಂಡಿದ್ದರು. ಅಲ್ಲಿನ ಸರ್ಕಾರಿ ಪ್ರಸಾರ ಸಂಸ್ಥೆಯ ಸಂಗ್ರಹದಲ್ಲಿದ್ದ ತಟ್ಟೆಯ ಮೇಲೆ, ಮಾದಕವಸ್ತುವಿನ ಪ್ರಸ್ತಾಪವಿದ್ದ ‘ಷುಗರ್ ಮ್ಯಾನ್’ ಹಾಡಿನ ಗೆರೆಗಳನ್ನು ಮುಳ್ಳು ಓಡದಂತೆ ಚೂಪಾದ ವಸ್ತುವಿನಿಂದ ಉದ್ದೇಶಪೂರ್ವಕವಾಗಿ ಗೀರಲಾಗಿತ್ತು. ಕಚೇರಿಯ ತಟ್ಟೆ ಹೀಗೆ ಮೂಕವಾದರೂ ಮನೆಗಳ ತಟ್ಟೆಗಳು ತಿರುಗುತ್ತಲೇ ಇದ್ದವು.

ಗಾಯಕ ವೇದಿಕೆಯ ಮೇಲೆಯೇ ಪ್ರಾಣ ಕಳೆದುಕೊಂಡರೆಂಬ ಗಾಳಿಮಾತನ್ನು ನಂಬಿದ್ದ ಆ ನಾಡಿನಲ್ಲಿ ಸ್ಟೀಫನ್ ಸೆಗರ್‌ಮನ್ ಎಂಬ ಅಭಿಮಾನಿ ಮತ್ತು ಕ್ರೇಗ್ ಬಾರ್ತಲೊಮ್ಯೂ ಸ್ಟ್ರೈಡಮ್ ಎಂಬ ಪತ್ರಕರ್ತ ಅವರ ಜಾಡು ಹುಡುಕಿ ಹೊರಟರು. ಹಾಡೊಂದರಲ್ಲಿ ಬರುವ ಡಿಯರ್‌ಬಾರ್ನ್ ಎಂಬ ಊರಿನ ಹೆಸರು ಡೆಟ್ರಾಯ್ಟ್ ಕಡೆಗೆ ಕೈತೋರಿಸಿತು. 1997ರಲ್ಲಿ ಗಾಯಕರು ಜೀವಂತ ಇರುವುದು ತಿಳಿಯಿತು. 1998ರಲ್ಲಿ ದಕ್ಷಿಣ ಆಫ್ರಿಕದ ವೇದಿಕೆ ಹತ್ತಿದ ರೊಡ್ರಿಗೆಜ್ ಅವರ ಎದುರಿಗೆ ಸಾವಿರಾರು ಮಂದಿ ಪ್ರತಿ ಹಾಡನ್ನೂ ಬಾಯಿಪಾಠವಾಗಿ ಹಾಡುತ್ತಿದ್ದರು. ಮಲಿಕ್ ಬೆಂಜಲೂಲ್ ನಿರ್ದೇಶಿಸಿದ ‘ಸರ್ಚಿಂಗ್ ಫಾರ್ ಷುಗರ್ ಮ್ಯಾನ್’ ಸಾಕ್ಷ್ಯಚಿತ್ರಕ್ಕೆ 2013ರಲ್ಲಿ ಆಸ್ಕರ್ ಬಂದಾಗ ಅವರಿಗೆ ಎಪ್ಪತ್ತು ವರ್ಷ. ಸಂತೋಷದ ಈ ಮುಕ್ತಾಯದ ನಡುವೆಯೂ ಒಂದು ಕಹಿ ಸತ್ಯ ಉಳಿದಿದೆ: ಅಷ್ಟು ವರ್ಷ ದಕ್ಷಿಣ ಆಫ್ರಿಕದಲ್ಲಿ ಮಾರಾಟವಾದ ತಟ್ಟೆಗಳ ರಾಯಲ್ಟಿ ಅವರ ಕೈಸೇರಿರಲಿಲ್ಲ. ಹಾಡನ್ನು ಪ್ರೀತಿಸುವುದು ಮತ್ತು ಹಾಡುಗಾರನಿಗೆ ಸಲ್ಲಬೇಕಾದ್ದನ್ನು ಸಲ್ಲಿಸುವುದು ಬೇರೆ ಬೇರೆ ಕೆಲಸಗಳು. ಮೊದಲನೆಯದು ನಡೆದ ಮಾತ್ರಕ್ಕೆ ಎರಡನೆಯದು ನಡೆದಂತಾಗುವುದಿಲ್ಲ.

ಶಿಶುನಾಳದಿಂದ ಹೊರಟ ಪದಗಳು

ಕಾಪಿಡುವ, ದಾಟಿಸುವ ಈ ಕೆಲಸಕ್ಕೆ ತಟ್ಟೆಯೇ ಬೇಕೆಂದಿಲ್ಲ ಎಂಬುದಕ್ಕೆ ಕನ್ನಡದಲ್ಲಿ ಶಿಶುನಾಳ ಷರೀಫರಿಗಿಂತ ದೊಡ್ಡ ನಿದರ್ಶನ ಬೇಕಿಲ್ಲ. ಇಂದಿನ ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿನ ಶಿಶುವಿನಹಾಳದಲ್ಲಿ 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡ ಷರೀಫರು, ಕಳಸದ ಗೋವಿಂದಭಟ್ಟರೆಂಬ ಬ್ರಾಹ್ಮಣ ಗುರುವಿನ ಮುಸ್ಲಿಂ ಶಿಷ್ಯರಾಗಿ ಬದುಕಿನಲ್ಲಿಯೇ ರೂಢಿ ಮುರಿದವರು. ಅವರು ಕಟ್ಟಿದ್ದು ತತ್ವಪದಗಳನ್ನು. ಗುರುಮಾರ್ಗದ ಅನುಭವವನ್ನು ಆಡುಮಾತಿನಲ್ಲಿ, ಹಾಡಲು ಬರುವ ಧಾಟಿಯಲ್ಲಿ ಹೇಳುವ ರಚನೆಗಳಿಗೆ ಆ ಹೆಸರು. ಸೇದುವ ಗುಡುಗುಡಿ, ಮಳೆಗೆ ಸೋರುವ ಮಾಳಿಗೆಯಂಥ ದಿನಬಳಕೆಯ ವಸ್ತುಗಳು ಅಲ್ಲಿ ದೇಹದ, ಅಜ್ಞಾನದ ರೂಪಕಗಳಾಗುತ್ತವೆ; ಸಣ್ಣ ಪ್ರಾಣಿ ತನಗಿಂತ ದೊಡ್ಡದನ್ನು ನುಂಗುವಂಥ, ಮೇಲುನೋಟಕ್ಕೆ ಅರ್ಥವಾಗದ ‘ಬೆಡಗಿನ’ ಚಿತ್ರಗಳು ಕೇಳುಗನನ್ನು ಒಗಟಿನೊಳಗೆ ಎಳೆದುಕೊಳ್ಳುತ್ತವೆ.

ಈ ಪದಗಳನ್ನು ‘ಅಲಕ್ಷಿತ’ ಎಂದು ಕರೆಯುವಾಗ, ಅಲಕ್ಷ್ಯ ಯಾರದು ಎಂದು ಕೇಳಿಕೊಳ್ಳುವುದು ಅಗತ್ಯ. ಉತ್ತರ ಕರ್ನಾಟಕದ ಹಳ್ಳಿಗಳ ಭಜನಾ ಮೇಳಗಳು ಏಕತಾರಿ, ದಮ್ಮಡಿ, ತಾಳಗಳೊಂದಿಗೆ ರಾತ್ರಿಯಿಡೀ ಅವುಗಳನ್ನು ಹಾಡುತ್ತಲೇ ಬಂದಿದ್ದವು. ಅವುಗಳಿಗೆ ಬೆನ್ನು ಹಾಕಿದ್ದುದು ನಗರದ ಮಾರುಕಟ್ಟೆ. ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಸಂಗೀತ ಸಂಯೋಜಕ ಸಿ. ಅಶ್ವತ್ಥ್ ಆ ಪದಗಳಿಗೆ ಹೊಸ ಧಾಟಿ ಕೂರಿಸಿ, ತಮ್ಮ ತೆರೆದ ಗಂಟಲಿನಿಂದ ಹಾಡಿ, ಕ್ಯಾಸೆಟ್ಟುಗಳ ಮೂಲಕ ನಾಡಿನ ಮೂಲೆಮೂಲೆಗೆ ಮುಟ್ಟಿಸಿದರು; ಟಿ. ಎಸ್. ನಾಗಾಭರಣ ನಿರ್ದೇಶಿಸಿ 1990ರಲ್ಲಿ ತೆರೆಕಂಡ ‘ಸಂತ ಶಿಶುನಾಳ ಷರೀಫ’ ಚಿತ್ರಕ್ಕೂ ಅಶ್ವತ್ಥ್ ಅವರದೇ ಸಂಗೀತ. ಮುಂದಿನ ತಲೆಮಾರಿನಲ್ಲಿ, ಸೂಕ್ಷ್ಮಜೀವಿಶಾಸ್ತ್ರ ಓದಿ, ಭರತನಾಟ್ಯ ಕಲಿತು, ಗಿಟಾರ್ ಹಿಡಿದ ಮೈಸೂರಿನ ರಘು ದೀಕ್ಷಿತ್ ವರ್ಷಗಟ್ಟಲೆ ಸಂಗೀತ ಕಂಪನಿಗಳ ಬಾಗಿಲು ಬಡಿದು ಬರಿಗೈಯಲ್ಲಿ ಮರಳಿದ ಬಳಿಕ, ಹಿಂದಿ ಚಿತ್ರರಂಗದ ಸಂಯೋಜಕ ಜೋಡಿ ವಿಶಾಲ್–ಶೇಖರ್ ಅವರ ನೆರವಿನಿಂದ 2008ರಲ್ಲಿ ಮೊದಲ ಆಲ್ಬಂ ಹೊರತಂದರು. ಅದರಲ್ಲಿ ಷರೀಫರ ಪದಗಳೂ ಇದ್ದವು. ಅವು ಗಿಟಾರ್ ಮತ್ತು ಡ್ರಮ್ಮಿನ ಜೊತೆ ಬ್ರಿಟನ್ನಿನ ಸಂಗೀತೋತ್ಸವಗಳವರೆಗೆ ಪ್ರಯಾಣ ಮಾಡಿದವು. ಹಳ್ಳಿಯ ಮೇಳ ಕಾಪಿಡದೆ ಹೋಗಿದ್ದರೆ ಅಶ್ವತ್ಥ್ ಅವರಿಗೆ ಸಿಗಲು ಪದಗಳೇ ಇರುತ್ತಿರಲಿಲ್ಲ. ಅಶ್ವತ್ಥ್ ದಾಟಿಸದಿದ್ದರೆ ಮುಂದಿನ ತಲೆಮಾರಿಗೆ ಆ ದಾರಿ ಇಷ್ಟು ನಿಚ್ಚಳವಾಗಿ ಕಾಣುತ್ತಿರಲಿಲ್ಲ.

ಪ್ರೋತ್ಸಾಹ ಎಂಬ ಕೆಲಸ

ಒಂದು ಎಚ್ಚರಿಕೆಯ ಮಾತನ್ನು ಇಲ್ಲಿ ಸೇರಿಸಬೇಕು. ಮರಳಿ ಬಂದ ಹಾಡುಗಳ ಕಥೆಗಳನ್ನು ಮಾತ್ರ ಕೇಳುತ್ತಾ ಹೋದರೆ ಒಳ್ಳೆಯ ಹಾಡು ಎಂದಾದರೂ ಗೆದ್ದೇ ಗೆಲ್ಲುತ್ತದೆ ಎಂಬ ಭ್ರಮೆ ಹುಟ್ಟುತ್ತದೆ. ಕಾಪಿಡುವವರು ಸಿಗದೆ ಅಳಿದ ಹಾಡುಗಳಿಗೆ ಲೆಕ್ಕವಿಲ್ಲ, ಅವುಗಳ ಕಥೆ ಹೇಳಲು ಯಾರೂ ಉಳಿದಿಲ್ಲ. ಆದ್ದರಿಂದ ರೂಢಿ ಬಿಟ್ಟು ಸೃಷ್ಟಿಸುವವರಿಗೆ ‘ಕಾಯುತ್ತಿರು, ಕಾಲ ಬರುತ್ತದೆ’ ಎಂದಷ್ಟೇ ಹೇಳುವುದು ಪ್ರೋತ್ಸಾಹವಲ್ಲ. ಮೇಲಿನ ಉದಾಹರಣೆಗಳು ಸೃಷ್ಟಿಕರ್ತರಿಗೆ ಹೇಳುವ ಮಾತು ಇನ್ನೂ ಖಚಿತವಾದದ್ದು: ಕೊನೆಯ ಕೆಲವು ನಿಮಿಷ ಸಿಕ್ಕರೂ ಹಾಡನ್ನು ಮುದ್ರಿಸಿ ಇಡಬೇಕು, ಹಿಂಬದಿಯೇ ಸಿಕ್ಕರೂ ಅದರಲ್ಲಿ ಜೀವ ತುಂಬಬೇಕು, ಗೇನರ್ ಅವರಂತೆ ತಟ್ಟೆಯನ್ನು ಕೇಳುವ ಕಿವಿಯ ಬಳಿಗೆ ತಾನೇ ಒಯ್ಯಬೇಕು.

ಕೇಳುಗರ ಪಾಲಿನ ಕೆಲಸವೂ ಅಷ್ಟೇ ಖಚಿತ. ಇಂದಿನ ಹಾಡಿಗೆ ತಟ್ಟೆಯಿಲ್ಲ, ತಿರುವಿ ಹಾಕಲು ಹಿಂಬದಿಯೂ ಇಲ್ಲ. ಮುಂದಿನ ಹಾಡು ಯಾವುದೆಂದು ಮೊಬೈಲಿನೊಳಗಿನ ಲೆಕ್ಕಾಚಾರವೇ ಬಹುಮಟ್ಟಿಗೆ ತೀರ್ಮಾನಿಸುವಾಗ, ಈಗಾಗಲೇ ಕೇಳಿದ್ದನ್ನು ಹೋಲುವುದೇ ಮತ್ತೆ ಮತ್ತೆ ಕಿವಿಗೆ ಬರುತ್ತದೆ. ಅಂಥ ಕಾಲದಲ್ಲಿ ಯಾರೂ ಸೂಚಿಸದ ಹಾಡನ್ನು ಕೊನೆಯವರೆಗೆ ಕೇಳಿ ಮತ್ತೊಬ್ಬರಿಗೆ ಹೆಸರು ಹೇಳಿ ಕೊಡುವುದು, ಊರಿನ ಹಿರಿಯ ಹಾಡುಗಾರ್ತಿಯ ಪದಗಳನ್ನು ಆಕೆಯ ಹೆಸರಿನೊಂದಿಗೆ ಮುದ್ರಿಸಿಟ್ಟುಕೊಳ್ಳುವುದು, ಹೊಸಬರ ಕಛೇರಿಗೆ ಟಿಕೆಟ್ ಕೊಂಡು ಹೋಗುವುದು, ಹಾಡಿದವರಿಗೆ ಸಲ್ಲಬೇಕಾದ ಹಣ ಸಲ್ಲುತ್ತಿದೆಯೇ ಎಂದು ವಿಚಾರಿಸುವುದು ಸಣ್ಣ ಕೆಲಸಗಳಂತೆ ಕಂಡರೂ, ಹುಡುಗನೊಬ್ಬನ ಕಪಾಟು ಮತ್ತು ಹಳ್ಳಿಯೊಂದರ ಭಜನಾ ಮೇಳ ಮಾಡಿದ್ದೂ ಇಷ್ಟನ್ನೇ.

ಈ ಕೆಲಸಕ್ಕೆ ಕಾಲದ ಮಿತಿಯಿದೆ ಎಂಬುದನ್ನೂ ಇದೇ ಹಾಡುಗಳು ನೆನಪಿಸುತ್ತವೆ. ಕೊಹೆನ್ ಮತ್ತು ರೊಡ್ರಿಗೆಜ್ ತಮ್ಮ ಹಾಡು ಮರಳಿ ಬಂದುದನ್ನು ಮುಪ್ಪಿನಲ್ಲಿಯಾದರೂ ಕಂಡರು. ಜೆಫ್ ಬಕ್ಲಿ 1997ರಲ್ಲಿ, ಮೂವತ್ತರ ಹರೆಯದಲ್ಲಿ, ನೀರಿನಲ್ಲಿ ಮುಳುಗಿ ತೀರಿಕೊಂಡಾಗ ಅವರ ‘ಹಲ್ಲೆಲೂಯ’ ಇನ್ನೂ ಕೆಲವರದಷ್ಟೇ ಆಗಿತ್ತು. ‘ರಾಕ್ ಅರೌಂಡ್ ದ ಕ್ಲಾಕ್’ಗೆ ಆ ಮಿಂಚಿನ ಗಿಟಾರ್ ನುಡಿಸಿದ ಡ್ಯಾನಿ ಸೆಡ್ರೋನ್ 1954ರ ಜೂನ್‌ನಲ್ಲಿ, ತಟ್ಟೆ ಹೊರಬಂದು ತಿಂಗಳು ಕಳೆಯುವಷ್ಟರಲ್ಲಿ, ಮೆಟ್ಟಿಲಿನಿಂದ ಬಿದ್ದು ತೀರಿಕೊಂಡರು; ಮುಂದಿನ ವರ್ಷ ಜಗತ್ತಿನ ಹರೆಯದವರನ್ನು ಕುಣಿಸಿದ ಆ ಕೆಲವು ಕ್ಷಣಗಳ ನುಡಿತ ತಮ್ಮದೆಂದು ಹೇಳಿಕೊಳ್ಳುವ ಅವಕಾಶವೇ ಅವರಿಗೆ ದೊರೆಯಲಿಲ್ಲ. ಹಾಡಿಗೆ ನೂರು ವರ್ಷ ಕಾಯುವ ಶಕ್ತಿ ಇರಬಹುದು, ಹಾಡಿದವರಿಗೆ ಇರುವುದಿಲ್ಲ. ಮೆಚ್ಚಿದ ಮಾತೊಂದನ್ನು ಹೇಳುವುದಿದ್ದರೆ ಅದನ್ನು ಅವರ ಕಿವಿಗೆ ಬೀಳುವಂತೆ, ಈಗಲೇ ಹೇಳಬೇಕು.